ಸೂರ್ಯನ ಪರವಾಗಿ ಗಾಜು ಒರೆಸುವಾಕೆ

ಇನ್ನೂ ಬೆಳಕು ಹರಿದಿಲ್ಲ. ವೀಕ್ಷಣಾಲಯದ ಕಬ್ಬಿಣದ ಮೆಟ್ಟಿಲನ್ನು ಗಾಜಮ್ಮ ಒಂದು ಕೈಯಲ್ಲಿ ನೀರಿನ ಡಬ್ಬಿ, ಇನ್ನೊಂದರಲ್ಲಿ ಕಂಬಿ ಹಿಡಿದು ಹತ್ತುತ್ತಿದ್ದಾರೆ. ತಾರಸಿಯ ಕಟ್ಟೆಯ ಮೇಲೆ ಬೋರಲು ಹಾಕಿದ ಪುಟ್ಟ ಬಟ್ಟಲಿನಂಥ ಗಾಜು. ಅದರ ಮೇಲೆ ಇಬ್ಬನಿ, ಧೂಳು, ಜೊತೆಗೆ ಪಾರಿವಾಳದ ಕಾಣಿಕೆ. “ಇಷ್ಟು ದೊಡ್ಡ ಊರಲ್ಲಿ ನಿಂಗೆ ಇದೇ ಜಾಗ ಸಿಕ್ತಾ?” ಎಂದು ಎಲ್ಲೋ ಹಾರಿಹೋದ ಪಾರಿವಾಳವನ್ನು ಬೈಯುತ್ತಾ, ಮಿಂದ ಮಗುವಿನ ತಲೆ ಒರೆಸುವಷ್ಟು ಮೆಲ್ಲಗೆ ಒರೆಸಲು ಶುರುಮಾಡುತ್ತಾರೆ.

ಇವತ್ತು ಅವರ ಹಿಂದೆಯೇ ವಿಜ್ಞಾನಿ ಮೇಡಂ ಕೂಡ ಏದುಸಿರು ಬಿಡುತ್ತಾ ಹತ್ತಿ ಬಂದಿದ್ದಾರೆ. ಗಾಜಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣಿನ ಆಪರೇಷನ್ ನಾಳೆ. ಆದರೆ ಅವರದೊಂದು ಷರತ್ತು: ಮೇಡಂ ಗಾಜು ಒರೆಸಿದ್ದು ತಮಗೆ ಒಪ್ಪಿಗೆಯಾದರೆ ಮಾತ್ರ ಆಸ್ಪತ್ರೆಗೆ ಹೋಗುವುದು!

ಈ ಗಾಜಿಗೇಕೆ ಇಷ್ಟು ಉಪಚಾರ? ಮೇಡಂ ಬಿಡಿಸಿ ಹೇಳುತ್ತಾರೆ. “ಸೂರ್ಯ ಎಷ್ಟು ಕಳಿಸ್ದ ಅನ್ನೋದನ್ನ ಮೇಲಿರೋ ಉಪಗ್ರಹ ಅಳೆಯುತ್ತೆ. ದಾರಿಯಲ್ಲಿ ಮೋಡ, ಹೊಗೆ, ಧೂಳು ಕಿತ್ಕೊಂಡು ನಮ್ಮ ಕೈಗೆ ಎಷ್ಟು ಉಳೀತು ಅನ್ನೋದು ಈ ಗಾಜಿನ ಕೆಳಗಿರೋ ಮಾಪಕದಿಂದ ಗೊತ್ತಾಗುತ್ತೆ.” ಸೂರ್ಯನಿಗೂ ಏರಿಳಿತವಿದೆ. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಅವನ ಹುರುಪು ಏರುತ್ತದೆ, ಮೈಮೇಲೆ ಕಪ್ಪು ಕಲೆಗಳು ಹೆಚ್ಚುತ್ತವೆ. ಆಗ ವಾತಾವರಣದ ಮೇಲಿನ ಪದರ ಕಾದು ಉಬ್ಬುತ್ತದೆ. ಕೆಳಗಿರುವ ನಮಗೆ ತಲುಪುವ ವ್ಯತ್ಯಾಸ ತೀರಾ ಸಣ್ಣದು. ಭೂಮಿ ಹೀಗೆ ಬಿಸಿಯಾಗುತ್ತಿರುವುದರಲ್ಲಿ ಅವನ ಪಾಲೆಷ್ಟು, ನಮ್ಮ ಹೊಗೆಯ ಪಾಲೆಷ್ಟು ಎಂದು ಹೇಳಬೇಕಾದರೆ ಇಂಥ ಅಳತೆಗಳು ವರ್ಷಗಟ್ಟಲೆ ತಪ್ಪದೆ ನಡೆಯಬೇಕು.

ಗಾಜಮ್ಮ ಅದನ್ನು ತಮ್ಮದೇ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದಾರೆ. “ಸೆಕೆ ಅಂದ್ರೆ ಸಾಕು, ಎಲ್ಲಾ ಅವನ ತಲೆಗೇ ಕಟ್ತಾರೆ. ಪಾಪ, ತನ್ನ ಪಾಡಿಗೆ ತಾನು ಬಂದು ಹೋಗೋನು. ಗಾಜು ಕೊಳೆಯಾಗಿದ್ರೆ ಅವನ ಪರವಾಗಿ ಸಾಕ್ಷಿ ಹೇಳೋರ್ಯಾರು?”

ಅವರ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ನು. ತೊಳೆದು ತೊಳೆದು ಮೆತ್ತಗಾದ ಹತ್ತಿ ಅಂಗಿಗಳನ್ನು ಕತ್ತರಿಸಿ, ಗಾಜಿಗೆ ಗೀರು ಬೀಳಬಾರದೆಂದು ಗುಂಡಿ ಕಿತ್ತು ಕೊಡುವವರು ಅವರೇ. ನೀಲಿ ಅಂಗಿಗೆ ಹೆಂಡತಿ ಕಪ್ಪು ಗುಂಡಿ ಹೊಲಿದ ದಿನವೇ ಅವರಿಗೆ ಆಕೆಯ ಕಣ್ಣಿನ ಬಗ್ಗೆ ಅನುಮಾನ ಬಂತು. “ಡಾಕ್ಟರು ಎಷ್ಟು ಸಲ ದಿನ ಕೊಟ್ರು! ಪ್ರತಿ ಸಲ ಏನಾದ್ರೂ ನೆಪ ಹೇಳಿ ತಪ್ಪಿಸ್ಕೊಂಡ್ಲು. ಮೊಂಡಿ ಅಂದ್ರೆ ಮೊಂಡಿ,” ಎನ್ನುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಅಕ್ಕರೆಯೇ ಜಾಸ್ತಿ.

ಗಾಜಮ್ಮನ ಹಟಕ್ಕೂ ಕಾರಣವಿದೆ. ಹಿಂದೆ ಮಗಳ ಹೆರಿಗೆಗೆಂದು ಅವರು ಒಂದು ವಾರ ರಜೆ ಹಾಕಿದ್ದರು. ಗಾಜಿನ ಕೆಲಸ ವೀಕ್ಷಣಾಲಯದ ಕಾವಲುಗಾರರೊಬ್ಬರ ಪಾಲಿಗೆ ಬಂತು. ಆ ಪುಣ್ಯಾತ್ಮ, ಮಾಡುವ ಕೆಲಸ ಚೆಂದಾಗಿರಲಿ ಎಂದು ಕಾರಿಗೆ ಹಚ್ಚುವ ಪಾಲಿಶ್ ತಂದು ತಿಕ್ಕಿದರು. ಗಾಜು ಫಳಫಳ ಹೊಳೆಯಿತು, ಕೆಳಗಿನ ಕಂಪ್ಯೂಟರಿನಲ್ಲಿ ಬಿಸಿಲು ಮಂಕಾಯಿತು! ಆಕಾಶದಲ್ಲಿ ಹೊಗೆಯೇನಾದರೂ ತುಂಬಿತೇ ಎಂದು ಎಲ್ಲರೂ ತಲೆ ಕೆಡಿಸಿಕೊಂಡರು. ಗಾಜಮ್ಮ ಮರಳಿದ ದಿನ ಕಾವಲುಗಾರರೇ ಹೆಮ್ಮೆಯಿಂದ “ಹೇಗಿದೆ ನೋಡಕ್ಕಾ ಹೊಳಪು?” ಎಂದಾಗ, ಪಾಲಿಶಿನ ತೆಳು ಲೇಪ ಬಿಸಿಲನ್ನು ತಡೆಯುತ್ತಿದ್ದ ಗುಟ್ಟು ರಟ್ಟಾಯಿತು. ಆ ವಾರದ ಅಳತೆಯನ್ನೆಲ್ಲ ಬದಿಗಿಡಬೇಕಾಯಿತು. “ಆಗ ಹುಟ್ಟಿದ ಮೊಮ್ಮಗಳನ್ನ ನಮ್ಮ ಅಳಿಯ ‘ಸೂರ್ಯನ್ನೇ ಮಂಕು ಮಾಡಿದವಳು’ ಅಂತ ಮುದ್ದು ಮಾಡ್ತಾನೆ. ನಂಗೆ ಮಾತ್ರ ಆ ಕೆಟ್ಟುಹೋದ ವಾರ ಮರೆಯೋಕಾಗಲ್ಲ,” ಎನ್ನುತ್ತಾರೆ.

ಗಾಜಮ್ಮನ ಮನಸ್ಸು ಕರಗಿದ್ದು ಕಳೆದ ತಿಂಗಳು. ಮೇಡಂ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ, ಅದರ ಕಲೆಗಳನ್ನು ನೋಡಲು ಎಲ್ಲರನ್ನೂ ಕರೆದರು. “ಕಾಣ್ತಾ ಗಾಜಮ್ಮಾ?” ಎಂದಾಗ “ಓ, ಚೆನ್ನಾಗಿ ಕಾಣ್ತು” ಎಂದುಬಿಟ್ಟರು. ಕಂಡಿದ್ದು ಬರೀ ಬೆಳ್ಳನೆ ಮಸುಕು. ಮನೆಗೆ ಬಂದು ಗಂಡನ ಮುಂದೆ ಅತ್ತೇಬಿಟ್ಟರು. ಅವರೋ ಬಾಯಲ್ಲಿ ಮಾತು ನಿಲ್ಲದ ಆಸಾಮಿ. ಮರುದಿನವೇ ಹೋಗಿ ಮೇಡಂಗೆ ಎಲ್ಲ ಹೇಳಿಬಿಟ್ಟರು. “ನೀವು ಬರೋವರೆಗೂ ನಾನೇ ಒರೆಸ್ತೀನಿ” ಎಂದು ಮೇಡಂ ಮಾತು ಕೊಟ್ಟಿದ್ದು ಆಗಲೇ.

ಈಗ ತಾರಸಿಯ ಮೇಲೆ ಮೇಡಂ ತೋಳು ಮೇಲೇರಿಸಿ, ಬಟ್ಟೆ ಹಿಡಿದು ನಿಂತಿದ್ದಾರೆ. “ಒತ್ತಬೇಡಿ ಮೇಡಂ, ಅದು ಪಾತ್ರೆಯಲ್ಲ... ಹಾಂ, ಹಾಗೆ... ಅಯ್ಯೋ, ಬೆರಳು ತಾಗಿಸಬೇಡಿ!” ಎಂದು ಗಾಜಮ್ಮ ಬಟ್ಟೆಯನ್ನು ಕಿತ್ತುಕೊಳ್ಳುತ್ತಾರೆ, ಮತ್ತೆ ಕೊಡುತ್ತಾರೆ. ಕೊನೆಗೊಮ್ಮೆ ಮೇಡಂ ಒರೆಸಿ ಮುಗಿಸಿ ಹಿಂದೆ ಸರಿದಾಗ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಾರೆ. ಅಷ್ಟರಲ್ಲಿ ಎದುರಿನ ಕಟ್ಟಡಗಳ ಮೇಲೆ ಹೊತ್ತು ಮೂಡುತ್ತದೆ.

“ಪರವಾಗಿಲ್ಲ,” ಎಂದು ಬಟ್ಟೆಗಳನ್ನೆಲ್ಲ ಮೇಡಂ ಕೈಗಿಡುತ್ತಾರೆ. ಆಮೇಲೆ ಡಬ್ಬಿ ಎತ್ತಿಕೊಳ್ಳುತ್ತಾ, “ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಆ ಬಿಳಿ ಕಾಗದ ಇನ್ನೊಂದ್ಸಲ ಹಿಡೀರಿ ಮೇಡಂ. ಇಷ್ಟು ವರ್ಷ ಅವನಿಗೋಸ್ಕರ ಗಾಜು ಒರೆಸಿದೀನಿ. ಅವನ ಮುಖದ ಮೇಲಿರೋ ಮಚ್ಚೆ ನಾನೊಬ್ಬಳೇ ನೋಡಿಲ್ಲ ಅಂದ್ರೆ ಹೇಗೆ?” ಎನ್ನುತ್ತಾರೆ.