ಗೌರಕ್ಕನ ಮಣ್ಣಿಲ್ಲದ ಟೊಮೆಟೊ

ಗೌರಕ್ಕ ತಮ್ಮ ಹಲ್ಲನ್ನು ಬೆರಳಿನಲ್ಲಿ, ಹಲ್ಲುಪುಡಿ ಹಾಕಿಕೊಂಡು ಉಜ್ಜುತ್ತಿದ್ದರು. ಮನೆಯಲ್ಲಿದ್ದ ಒಂದೇ ಒಂದು ಬ್ಯಾಟರಿ ಬ್ರಷ್ಷು ಟೊಮೆಟೊ ಗಿಡಗಳಿಗೆ ಮೀಸಲು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅದನ್ನು ಜುಯ್ ಎನ್ನಿಸಿ ಹೂವಿನ ತೊಟ್ಟುಗಳಿಗೆ ಒಂದೊಂದಾಗಿ ಮುಟ್ಟಿಸುತ್ತಿದ್ದರು. ಮುಚ್ಚಿದ ಕೋಣೆಯಲ್ಲಿ ಗಾಳಿಯಿಲ್ಲ, ದುಂಬಿಯಿಲ್ಲ. ಯಾರಾದರೂ ಅಲುಗಿಸದಿದ್ದರೆ ಹೂವು ಕಾಯಿ ಕಚ್ಚುವುದಿಲ್ಲ. "ದುಂಬಿ ಕೆಲ್ಸ ಸಿಗೋಕೂ ಪುಣ್ಯ ಮಾಡಿರ್ಬೇಕು ಕಣೇ ವಿಮಲಾ" ಎನ್ನುತ್ತಿದ್ದರು.

ಚೆನ್ನೈನ ಮೈಲಾಪೂರಿನ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ಅವರ ಮೂಲ ತುಮಕೂರಿನ ಕಡೆ. ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು, ಮದುವೆಯ ಗೋಜಿಗೆ ಹೋದವರಲ್ಲ. ಅವರ ಹಿಂದಿನ ಕೋಣೆಯಲ್ಲಿ ನೀರು ತುಂಬಿದ ಒಂದು ದೊಡ್ಡ ಟಬ್ಬು. ಮುಚ್ಚಳದಲ್ಲಿ ಎರಡು ತೂತು, ತೂತಿಗೊಂದು ಗಿಡ, ಬೇರೆಲ್ಲ ನೀರಿನೊಳಗೆ. ಮೇಲೆ ಬಿಳಿ ದೀಪ. ನೀರಿಗೆ ಗುಳುಗುಳು ಗಾಳಿ ಊದುವ ಪುಟ್ಟ ಪಂಪು. ಗೊಬ್ಬರವನ್ನು ಅಳೆದು ನೀರಿನಲ್ಲೇ ಕರಗಿಸುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು 'ಊಟ'.

"ಕೋಯಂಬೇಡು ಮಾರ್ಕೆಟ್ಟಲ್ಲಿ ಲಾರಿಗಟ್ಟಲೆ ಸುರಿದಿರ್ತಾರೆ ಗೌರಕ್ಕ. ನಿಮ್ಮ ಗಿಡಕ್ಕೆ ಏಸಿ ಬೇರೆ ಕೇಡು!" ಎಂದು ನಾನು ರೇಗಿಸುತ್ತಿದ್ದೆ.

"ಮೆಡ್ರಾಸ್ ವೆಯಿಲ್‌ಗೆ, ಈ ಸುಡುಬಿಸಿಲಿಗೆ, ಹೂವೆಲ್ಲ ಉದುರ್ಹೋಗುತ್ತೆ. ನಿಂಗೇನು ಗೊತ್ತು? ಪೋದುಂ, ಸಾಕು, ಬಾಯ್ಮುಚ್ಕೊಂಡು ಕಾಫಿ ಕುಡಿ."

ತಮಾಷೆಯೆಂದರೆ, ಆ ಹಣ್ಣನ್ನು ಅವರು ತಿನ್ನುವಂತೆಯೇ ಇರಲಿಲ್ಲ. ಕಿಡ್ನಿ ಕೈಕೊಟ್ಟು ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಟೊಮೆಟೊ ಮುಟ್ಟಲೇಬಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಮತ್ತೇಕೆ ಈ ಪಾಡು ಎಂದರೆ, "ತಿನ್ನೋದು ಬಿಟ್ಟೆ ಅಂತ ಬೆಳೆಯೋದನ್ನೂ ಬಿಡ್ಬೇಕಾ?" ಎಂದು ನನ್ನನ್ನೇ ದಬಾಯಿಸುತ್ತಿದ್ದರು.

ಮೊದಲ ಕಾಯಿ ನಿಂಬೆಗಾತ್ರಕ್ಕೆ ಬಂದ ವಾರವೇ ಅವರಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಟೋ ಹತ್ತುವಾಗ ಬೀಗದ ಕೈ ನನ್ನ ಕೈಗಿಟ್ಟು, "ನಾನು ಬರೋವರ್ಗೂ ಸಾಯ್ಬಾರ್ದು, ನೋಡ್ಕೋ" ಎಂದರು. ಗಿಡದ ಮಾತೇ ಅದು, ನನಗೆ ಗೊತ್ತು. ಆದರೂ ಆಟೋ ತಿರುವು ದಾಟುವವರೆಗೆ ಬೀಗದ ಕೈ ಹಿಡಿದು ಅಲ್ಲೇ ನಿಂತಿದ್ದೆ.

ನಾನು ಮೊದಲೇ ಪುಕ್ಕಲು. ಗ್ಯಾಸ್ ಆರಿಸಿದೆನಾ ಎಂದು ಬಸ್ ಸ್ಟಾಪಿನಿಂದ ವಾಪಸ್ ಓಡಿಬರುವವಳು. ಗಿಡ ಒಣಗಿದರೆ ಗೌರಕ್ಕ ಮನೆಗೆ ಬರುವುದಿಲ್ಲ ಎಂಬ ಹುಚ್ಚು ಭಯ ಅಂದೇ ಹೊಕ್ಕಿತು. ಕರೆಂಟು ಹೋದರೆ ಪಂಪು ನಿಲ್ಲುತ್ತದಲ್ಲ ಎಂದು ಆಫೀಸಿನಿಂದ ದಿನಕ್ಕೆ ಮೂರು ಸಲ ವಾಚ್‌ಮನ್‌ಗೆ ಫೋನು. ಊಟ ಜಾಸ್ತಿಯಾಗಿ ಬೇರು ಸುಟ್ಟೀತೆಂದು ಅವರು ಬರೆದಿಟ್ಟ ಅಳತೆಗಿಂತ ಕಡಿಮೆಯೇ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಒಂದು ಎಲೆಯ ಅಂಚು ಹಳದಿಯಾಗಿತ್ತು. ಅಂದು ಅವರಿಗೆ ಡಯಾಲಿಸಿಸ್. ಫೋನು ಮಾಡುವಂತಿರಲಿಲ್ಲ. ಅವರ ದೇವರಮನೆಯ ಗಟ್ಟಿಯಿಂದ ಒಂದು ಹಿಡಿ ವಿಭೂತಿ ಕೆರೆದು, "ಶಿವನೇ, ಇಬ್ಬರನ್ನೂ ಕಾಪಾಡಪ್ಪ" ಎಂದು ಟಬ್ಬಿಗೆ ಹಾಕಿಬಿಟ್ಟೆ. ಮಾರನೇ ದಿನವೂ ಹಾಕಿದೆ. ಅದರ ಮಾರನೇ ದಿನವೂ.

ನಾಲ್ಕನೇ ದಿನಕ್ಕೆ ಚಿಗುರೆಲ್ಲ ಹಳದಿ. ಅಳುತ್ತಾ ಗೌರಕ್ಕನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆಯಿಂದ ಕೆಮ್ಮೋ ನಗುವೋ ತಿಳಿಯದ ಒಂದು ಸದ್ದು.

"ವಿಭೂತೀನಾ? ಅಯ್ಯೋ ಲೂಸೇ! ಅದು ಬೂದಿ ಕಣೇ, ನೀರನ್ನ ಕ್ಷಾರ ಮಾಡುತ್ತೆ. ಗಿಡಕ್ಕೆ ಊಟ ಎದುರಿಗಿದ್ರೂ ಉಣ್ಣೋಕಾಗಲ್ಲ. ಅಳ್ಬೇಡ, ಕೇಳು. ಎಲ್ಲಾ ನೀರೂ ಚೆಲ್ಲು. ನಿನ್ನೆ ಹಿಡಿದಿಟ್ಟ ನೀರು ಇದ್ಯಲ್ಲ, ಅದನ್ನ ತುಂಬ್ಸು. ಶಿವನ್ನ ಹಣೆಗೆ ಇಟ್ಕೋ, ಟಬ್ಬಲ್ಲಿ ಬೇಡ."

ಅಷ್ಟು ಮಾತಿಗೇ ಅವರಿಗೆ ಏದುಸಿರು ಬಂದಿತ್ತು. ನಾನು ಕೊಡಗಟ್ಟಲೆ ನೀರು ಚೆಲ್ಲಿ, ಹೊಸದು ತುಂಬಿ, ಊಟವನ್ನು ಹೆದರಿ ಹೆದರಿ ಎಂದಿಗಿಂತ ಇನ್ನೂ ಕಡಿಮೆ ಹಾಕಿದೆ. ಒಂದು ಗಿಡ ಹೋಯಿತು. ಇನ್ನೊಂದು ಗಿಡ ಒಂದು ವಾರದಲ್ಲಿ ತಲೆಯೆತ್ತಿತು, ಅದರ ಒಂದು ಕಾಯಿ ಹಣ್ಣೂ ಆಯಿತು.

ಅದನ್ನು ಕರ್ಚೀಫಿನಲ್ಲಿ ಸುತ್ತಿ ಆಸ್ಪತ್ರೆಗೆ ಓಡಿದೆ. ಗೌರಕ್ಕ ತುಂಬಾ ಇಳಿದುಹೋಗಿದ್ದರು, ಮುಖ ಮಾತ್ರ ಊದಿತ್ತು. ಹಣ್ಣನ್ನು ಮೂಸಿ, ಕೆನ್ನೆಗೆ ಒತ್ತಿಕೊಂಡು, ನನಗೇ ವಾಪಸ್ ಕೊಟ್ಟರು.

"ತಿನ್ನು. ನನ್ನೆದುರಿಗೇ ತಿನ್ನು."

ಕಚ್ಚಿದೆ. ಅವರು ಕಣ್ಣು ಕದಲಿಸದೆ ನನ್ನ ಬಾಯನ್ನೇ ನೋಡುತ್ತಿದ್ದರು. "ಹೇಗಿದೆ? ನಿಜ ಹೇಳು. ಉಪಚಾರದ ಮಾತು ಬೇಡ."

"ಸಪ್ಪೆ ಇದೆ ಗೌರಕ್ಕ."

ನೊಂದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಗೆದ್ದವರಂತೆ ದಿಂಬಿಗೆ ಒರಗಿದರು. "ಅಂದ್ಕೊಂಡೆ. ಹೆದ್ರಿಕೊಂಡು ಊಟ ಕಮ್ಮಿ ಹಾಕಿದ್ದೀಯ. ನಾನು ಬರೆದಿದ್ದೂ ಸಣ್ಣ ಗಿಡದ ಲೆಕ್ಕ, ಕಾಯಿ ಬಿಟ್ಮೇಲೆ ಇನ್ನೂ ಬೇಕು. ಎಷ್ಟು ಅಂತ ನಂಗೊತ್ತು. ಬಂದು ಹೇಳ್ಕೊಡ್ತೀನಿ ಬಿಡು."

ಪ್ರತಿಯೊಂದಕ್ಕೂ ಹತ್ತು ಸಲ ಫೋನು ಮಾಡಿ ಅವರ ಜೀವ ತಿಂದವಳು ನಾನು. ಆ ದಿನ ಮಾತ್ರ ಎಷ್ಟು ಹಾಕಬೇಕೆಂದು ಕೇಳಲಿಲ್ಲ. ಹೇಗೂ ಬರುತ್ತಾರಲ್ಲ ಎಂದುಕೊಂಡೆ. ಆ ಅಳತೆ ನನಗೆ ಇವತ್ತಿಗೂ ಗೊತ್ತಿಲ್ಲ.