ಮಾವನ ಬಸ್ಸು, ಅತ್ತೆಯ ಕೊಂಡಿ

ಕೆಲಸ ಶುರುಮಾಡುವ ಮೊದಲು ನನ್ನ ಅತ್ತೆ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈಯತ್ತ ಏರಿಸಿ, ಜಾರದಂತೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಗೆರೆಯೊಂದು ಸದಾ ಇರುತ್ತಿತ್ತು. ಹಬ್ಬದ ದಿನ ಅವರು ಹೋಳಿಗೆ ತಟ್ಟುವಾಗ ನನ್ನ ಕಣ್ಣೆಲ್ಲ ಆ ಉಗುರಿನ ಮೇಲೆಯೇ. ಹಾಗಂತ ಹೋಳಿಗೆ ತಿನ್ನುವುದನ್ನೇನೂ ಬಿಟ್ಟವನಲ್ಲ.

ಮಾವ ನಿವೃತ್ತ ಬಸ್ ಡ್ರೈವರು. ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಮನೆ ಮಾಡಿಕೊಂಡಿದ್ದರು. ನೆಂಟರ ಮನೆಗೆ ಹೋದರೂ ಅವರ ಅಂಗಳದಲ್ಲಿ ಬಸ್ಸು ನಿಲ್ಲಿಸಿ ಅದರಲ್ಲೇ ಮಲಗುವ ಆಸಾಮಿ. ಊರೊಳಗಿನ ಓಣಿಗಳಿಗೆ ಬಸ್ಸು ನುಗ್ಗುವುದಿಲ್ಲ, ಮಾವನ ಮಂಡಿ ನಡೆಯಲು ಬಿಡುವುದಿಲ್ಲ. ಹಾಗಾಗಿ ಬಸ್ಸಿನ ಹಿಂದೆ ಎರಡು ಚಕ್ರದ ಟ್ರೈಲರು, ಅದರ ಮೇಲೆ ಒಂದು ಪುಟ್ಟ ಹಳೆಯ ಕಾರು. ಟ್ರೈಲರನ್ನು ಬಸ್ಸಿಗೆ ಜೋಡಿಸುವುದು ಅತ್ತೆಯ ಕೆಲಸ. ಶ್ರೀನಿವಾಸಪುರದ ಕಡೆ ಅವರಪ್ಪನ ಮಾವಿನ ತೋಪಿನಲ್ಲಿ, ಹುಡುಗಿಯಾಗಿದ್ದಾಗಲೇ ಟ್ರ್ಯಾಕ್ಟರಿಗೆ ಕೊಂಡಿ ಹಾಕಿ ಕೈ ಪಳಗಿತ್ತು. “ಬಸ್ಸು ಅವರದು, ಬಾಲ ನಂದು” ಎನ್ನುತ್ತಿದ್ದರು.

ಮೊದಲು ಕೊಂಡಿಗೆ ದಪ್ಪ ಪಿನ್ನು. ಪಿನ್ನು ಎಗರದಂತೆ ಅದರ ತೂತಿಗೊಂದು ಕ್ಲಿಪ್ಪು. ಅಡಿಯಲ್ಲಿ ಎರಡು ಸರಪಳಿ, ಒಂದರ ಮೇಲೊಂದು ಕತ್ತರಿಯಂತೆ. ಪಿನ್ನು ಕಳಚಿದರೂ ಟ್ರೈಲರಿನ ಮೂತಿ ರಸ್ತೆಗೆ ಬೀಳದೆ ಅವುಗಳ ಮಡಿಲಿಗೆ ಬೀಳಲಿ ಎಂದು. ಕೊನೆಗೆ ಲೈಟಿನ ವೈರು. ಆಮೇಲೆ ಒಂದೊಂದನ್ನೂ ಮುಟ್ಟಿ ನೋಡಬೇಕು. ಇದೆಲ್ಲ ಒಬ್ಬರ ಕೈಯಲ್ಲೇ, ಒಂದೇ ಉಸಿರಿನಲ್ಲಿ ಆಗಬೇಕು. ನಡುವೆ ಯಾರಾದರೂ ಕರೆದರೆ ಪೂರ್ತಿ ಬಿಚ್ಚಿ ಮೊದಲಿನಿಂದ.

ನಮ್ಮ ಸೀಮೆಯಲ್ಲಿ ಯಾರ ಮನೆಯಿಂದಲೂ ಸುಮ್ಮನೆ ಹೊರಡುವಂತಿಲ್ಲವಲ್ಲ. ಇನ್ನೇನು ಹೊರಡಬೇಕು, ಅರಿಶಿನ ಕುಂಕುಮ ಬರುತ್ತದೆ, ರವಿಕೆ ಬಟ್ಟೆ ಬರುತ್ತದೆ, ನುಗ್ಗೆಕಾಯಿ ಕಟ್ಟು ಬರುತ್ತದೆ. ಅತ್ತೆ ಎದ್ದು ಹೋಗಿ ಕುಂಕುಮ ಇಡಿಸಿಕೊಂಡು ಬಂದು, ಹಾಕಿದ್ದ ಪಿನ್ನನ್ನು ಕಿತ್ತು ಮತ್ತೆ ಹಾಕುವರು.

“ಏನೇ, ರೈಲಿಗೆ ಬೋಗಿ ಸೇರಿಸ್ತಿದ್ದೀಯಾ?” ಸೀಟಿನಿಂದಲೇ ಮಾವ ಕೂಗುವರು.

“ನೀವು ಮುಂದೆ ನೋಡ್ಕೊಂಡು ಓಡ್ಸಿ. ಅರ್ಧಕ್ಕೆ ಎದ್ದು ಹೋಗಿ ಬಂದ್ರೆ, ಮಾಡಿದ್ದು ಯಾವ್ದು, ಮಾಡ್ಬೇಕು ಅಂದ್ಕೊಂಡಿದ್ದು ಯಾವ್ದು ಅಂತ ಮನಸ್ಸಿಗೆ ಗೊತ್ತಾಗಲ್ಲ.”

ನಾನೋ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬೀದಿ ಕೊನೆಯಿಂದ ವಾಪಸು ಬರುವ ಜಾತಿ. ಮನೆಯವರೆಲ್ಲ ನಕ್ಕರೂ ಅತ್ತೆ ಮಾತ್ರ ನಗುತ್ತಿರಲಿಲ್ಲ. ಒಮ್ಮೆ ಲಕ್ಕೂರಿನ ತಮ್ಮ ತಂಗಿಯ ಮನೆಯಲ್ಲಿ ಅತ್ತೆ ಜಾರಿ ಬಿದ್ದು ಬಲಗೈ ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಂಡರು. ಮುಳಬಾಗಿಲಿಗೆ ಹೊರಟ ದಿನ, “ಇವತ್ತು ಕೊಂಡಿ ಅಳಿಯಂದ್ರು ಹಾಕ್ತಾರೆ” ಎಂದುಬಿಟ್ಟರು.

“ಅಲ್ಲುಡುಗಾರಾ? ಅವರು ಹಾಕೋ ಅಷ್ಟೊತ್ತಿಗೆ ಮಾವಿನಕಾಯಿ ಹಣ್ಣಾಗ್ತದೆ” ಎಂದರು ಮಾವ; ಗೇಲಿ ಮಾಡುವಾಗ ಅಳಿಯನನ್ನು ತೆಲುಗಿನಲ್ಲೇ ಕರೆಯುವುದು ಅವರ ರೂಢಿ.

“ಹಣ್ಣಾಗ್ಲಿ. ಉದುರೋದು ಬೇಡ.”

ಪಿನ್ನು ಹಾಕಿದೆ, ಕ್ಲಿಪ್ಪು ಹಾಕಿದೆ. ಅಷ್ಟರಲ್ಲಿ ಅತ್ತೆಯ ತಂಗಿ ಹಲಸಿನ ಹಣ್ಣು ಹೊತ್ತು ಬಂದು, “ಅಳಿಯಂದ್ರೇ, ಇದನ್ನ ಸ್ವಲ್ಪ ಒಳಗಿಡಿ” ಎಂದರು. ಇಟ್ಟು ಬಂದು ಅತ್ತೆಯ ಮುಖ ನೋಡಿದೆ. ಅವರು ತೆಂಗಿನ ಮರ ನೋಡುತ್ತಿದ್ದರು. ಎಲ್ಲ ಬಿಚ್ಚಿ ಮೊದಲಿನಿಂದ ಹಾಕಿದೆ. ಬಸ್ಸು ಹೊರಟಿತು.

ಮಾಲೂರು ದಾಟುತ್ತಲೇ ತಲೆಗೆ ಅನುಮಾನದ ಹುಳ ಹೊಕ್ಕಿತು. ಕ್ಲಿಪ್ಪು ಹಾಕಿದ್ದು ಕಣ್ಣಿಗೆ ಕಟ್ಟಿದಂತಿದೆ, ಆದರೆ ಅದು ಮೊದಲನೇ ಸಲದ್ದೋ, ಎರಡನೇ ಸಲದ್ದೋ? ಬಿಚ್ಚಿದ್ದಂತೂ ನಿಜ. ಸರಪಳಿಯನ್ನು ಸರಿಯಾಗಿ ಸಿಕ್ಕಿಸಿದ್ದೆನೇ? ಬಸ್ಸಿನಲ್ಲಿ ನನ್ನ ಹೆಂಡತಿ, ಅತ್ತೆ, ಮಾವ. ಹಿಂದೆ ಫ್ಯಾಕ್ಟರಿ ಶಿಫ್ಟು ಮುಗಿಸಿದವರ ಬೈಕುಗಳ ಸಾಲು. ಕಾರು ಹೊತ್ತ ಆ ಟ್ರೈಲರು ಕಳಚಿ ಅವರ ಮೇಲೆ ಹೋದರೆ? ನಿಲ್ಲಿಸಿ ಎನ್ನಲು ನಾಚಿಕೆ; ಮಾವನ ಬಾಯಿ ಗೊತ್ತಲ್ಲ.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದವರು, “ರೀ, ನಿಲ್ಸಿ. ವಾಂತಿ ಬಂದಂಗಾಗ್ತಿದೆ” ಎಂದರು.

ಬಸ್ಸು ಪಕ್ಕಕ್ಕೆ ನಿಂತಿತು. ಇಳಿದವರು ವಾಂತಿಯ ಸುದ್ದಿಯೇ ಇಲ್ಲದೆ ನೇರ ಹಿಂದಕ್ಕೆ ನಡೆದು, ಬೆನ್ನಿಗೇ ಇಳಿದ ನನಗೆ “ನೋಡಿ” ಎಂದರು. ಬಗ್ಗಿ ಕೈ ಹಾಕಿದೆ. ಕ್ಲಿಪ್ಪು ಇತ್ತು. ಸರಪಳಿಗಳು ಬಿಗಿಯಾಗಿದ್ದವು. ಹೋದ ಜೀವ ಬಂದಂತಾಗಿ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ಅತ್ತೆ ಎಡಗೈಯಿಂದ ಮುಟ್ಟಿ, “ಇದೆ” ಎಂದರು. ಹತ್ತುವಾಗ ನಾನು ಮತ್ತೆ ತಿರುಗಿದೆ.

“ಇನ್ನೊಂದ್ಸಲ…”

“ಅಳಿಯಂದ್ರೇ, ಒಂದ್ಸಲ ನೋಡೋದು ಜಾಗ್ರತೆ. ಎರಡ್ನೇ ಸಲ ನೋಡೋದು ಚಪಲ. ಹತ್ತಿ.”

ನರಸಾಪುರ ಬರುವಷ್ಟರಲ್ಲಿ ಅತ್ತೆ ಕಿಟಕಿಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು. ಮಾವ ಕನ್ನಡಿಯಲ್ಲಿ ನೋಡಿ, “ಈ ಬಸ್ಸು ತಗೊಂಡಾಗಿಂದ ಇವಳು ದಾರೀಲಿ ಕಣ್ಮುಚ್ಚಿದ್ದು ಇವತ್ತೇ” ಎಂದು ಪಿಸುಗುಟ್ಟಿದರು. ಮುಳಬಾಗಿಲಿನ ತನಕ ಒಂದು ಹಂಪಿನಲ್ಲೂ ಬಸ್ಸು ಕುಲುಕಿಸಲಿಲ್ಲ.

ಅತ್ತೆ ಈಗಿಲ್ಲ. ಕೊಂಡಿ ನನ್ನ ಪಾಲಿಗೆ ಬಂದಿದೆ. ನನ್ನ ಹೆದರಿಕೆಯನ್ನು ಅವರು ಬಿಡಿಸಲಿಲ್ಲ. ಅದು ಎಲ್ಲಿಗೆ ಮುಗಿಯಬೇಕು ಎಂದು ತೋರಿಸಿಕೊಟ್ಟರು. ಅನುಮಾನ ಬಂದರೆ ನಾಚದೆ ಮಾವನಿಗೆ ನಿಲ್ಲಿಸಿ ಎನ್ನುತ್ತೇನೆ, ಇಳಿದು ಮುಟ್ಟಿ ನೋಡುತ್ತೇನೆ, ಹತ್ತುತ್ತೇನೆ. ಆಮೇಲೆ ನನಗೂ ಒಮ್ಮೊಮ್ಮೆ ದಾರಿಯಲ್ಲಿ ತೂಕಡಿಕೆ ಬರುತ್ತದೆ.