ಉದಗೀರದ ಮೇರಿ ಮಾತೆಯ ಕಣ್ಣು

ಮಕ್ಕಳೇ, ಉದಗೀರಕ್ಕೆ ಹೋದರೆ ಅಲ್ಲಿನ ಸಣ್ಣ ಕ್ಯಾಥೊಲಿಕ್ ಪ್ರಾರ್ಥನಾಲಯದಲ್ಲಿ ಕೂಸನ್ನು ಎತ್ತಿಕೊಂಡು ನಿಂತ ಮೇರಿ ಮಾತೆಯನ್ನು ನೋಡಿ ಬನ್ನಿ. ಸಾಗವಾನಿ ಕಟ್ಟಿಗೆಯಲ್ಲಿ ಕೆತ್ತಿದವನು ನನ್ನ ಮೈದುನ, ನಿಮ್ಮ ಸಣ್ಣಜ್ಜ. ಬಣ್ಣ ನನ್ನದು. ಕಣ್ಣು ಅವನದು. ಆ ಕಣ್ಣು ನೆನಪಾದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ.

ನಮ್ಮದು ಉಮರಗಾದ ಬಡಿಗರ ಮನೆ. ಸುತ್ತಿನ ಹಳ್ಳಿಗಳಿಗೆ ಬಾಗಿಲು, ಚೌಕಟ್ಟು, ಊರದೇವಿಯರ ಮೂರ್ತಿ ಮಾಡಿಕೊಂಡು ಬಂದವರು. ನಮ್ಮಲ್ಲಿ ಮೂರ್ತಿಯ ಕಣ್ಣನ್ನು ಮನೆಯಲ್ಲಿ ಬರೆಯುವುದಿಲ್ಲ. ಗುಡಿಯಲ್ಲಿ ನಿಲ್ಲಿಸಿದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಕಣ್ಣು ಬರೆಯುತ್ತಾರೆ; ಅದಕ್ಕೆ ಕಣ್ಣು ತೆಗೆಯುವುದು ಅನ್ನುತ್ತೇವೆ. ನಿಮ್ಮ ಅಜ್ಜ ಇದ್ದಾಗ ಕಣ್ಣಿನ ಗೆರೆಯನ್ನು ಮೊದಲು ನನ್ನಿಂದ ಕಾಗದದ ಮೇಲೆ ಬರೆಸಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ, ಗಂಡ ಸತ್ತವಳು ಕಣ್ಣು ಬರೆಯಬಾರದು ಎಂದಾಯಿತು. ಉಳಿದ ಮೈಗೆಲ್ಲ ನಾನು ಬಣ್ಣ ಹಚ್ಚಬಹುದಂತೆ!

ಮೇರಿ ಮಾತೆಯ ಮೂರ್ತಿ ಮಾಡಲು ಉದಗೀರದ ಫಾದರ್ ಕೊಟ್ಟ ಚಿತ್ರದಲ್ಲಿ ತಾಯಿ ಕೈಯಲ್ಲಿನ ಕೂಸನ್ನು ನೋಡುತ್ತಿದ್ದಳು. ರೆಪ್ಪೆ ಅರ್ಧ ಇಳಿದಿತ್ತು. ಬಾರದು ಎಂದಿದ್ದರೂ ಆ ಕಣ್ಣಿನ ಗೆರೆಯನ್ನು ಹಾಗೆಯೇ ಕಾಗದದ ಮೇಲೆ ಬರೆದು ಮೈದುನನ ಕೈಗೆ ಕೊಟ್ಟೆ. ಅವನು ಅದನ್ನು ಬಿಚ್ಚಿಯೂ ನೋಡಲಿಲ್ಲ. ಪ್ರಾರ್ಥನಾಲಯದಲ್ಲಿ ಮೂರ್ತಿ ನಿಲ್ಲಿಸಿದ ಮೇಲೆ ನನ್ನೆದುರೇ ಸ್ಟೂಲು ಹತ್ತಿ, ನಮ್ಮ ಊರದೇವಿಗೆ ಬರೆಯುವಂತೆ ದುಂಡಗಿನ ಬಿಟ್ಟ ಕಣ್ಣು ಬರೆದುಬಿಟ್ಟ.

"ಏನ್ರೀ ಮಿಸ್ತ್ರಿ, ತಾಯಿ ಸಿಟ್ಟಿಗಿ ಬಂದಾಳ?" ಎಂದರು ಫಾದರ್.

"ದೇವ್ರು ಅಂದ್ಮ್ಯಾಲ ಮಂದೀನ ನೋಡ್ಬೇಕ್ರಿ. ತಳಗ ನೋಡಿದ್ರ ನಿದ್ದಿ ಹತ್ತ್ಯಾದ ಅಂತಾರ."

"ಅಳಿಸಿ ಮತ್ತ ಬರೀರಿ."

"ತೆಗದ ಕಣ್ಣು ಅಳಿಸಂಗಿಲ್ರಿ. ತಾಯಿ ಕುರುಡಿ ಆಗ್ತಾಳ."

ಅಲ್ಲಿದ್ದ ವಯಸ್ಸಾದ ಸಿಸ್ಟರ್ ನನ್ನ ಕಡೆ ತಿರುಗಿದರು. "ಬಣ್ಣ ಇಷ್ಟ್ ಛಂದ ಹಚ್ಚೀರಿ. ಕಣ್ಣ ಯಾಕ ನೀವೇ ಬರೀಲಿಲ್ಲ?"

ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ. ಮೈದುನನೇ ಹೇಳಿದ: "ನಮ್ಮಣ್ಣ ಇಲ್ರೀ. ವೈನಿ ಬರಿಯಂಗಿಲ್ಲ."

"ನಮ್ಮ ಮೇರಿ ತಾಯೀನೂ ಗಂಡ ಸತ್ತಾಕೀನೇ ಅದಾಳ್ರೀ ಮಿಸ್ತ್ರಿ," ಎಂದು ಸಿಸ್ಟರ್ ನಕ್ಕರು.

"ಅದು ನಿಮ್ಮ ಪದ್ಧತಿರೀ," ಎಂದು ಅವನು ಕುಂಚ ತೊಳೆಯಲು ಹೋದ. ಫಾದರ್ ಆ ಕಣ್ಣನ್ನು ಹಾಗೆಯೇ ಬಿಟ್ಟರು. ಊರಿಗೆ ಮರಳುವ ಬಸ್ಸು ನಿಲಂಗಾ, ಕಾಸಾರಶಿರಸಿ ದಾಟಿದರೂ ನಾನು ಉಗುರಿಗೆ ಅಂಟಿದ ನೀಲಿ ಬಣ್ಣ ಕೆರೆಯುತ್ತಲೇ ಇದ್ದೆ. ತಾಯಿಯೇ ನೋಡದ ಕೂಸಿಗೆ ನೀಲಿ ಸೆರಗು ಹೊದಿಸಿದ ಹಾಗಾಯಿತು ನನ್ನ ಕೆಲಸ.

ಈಗ ನಿಲಂಗಾದ ಕ್ಯಾಥೊಲಿಕರು ಸಂತ ಜೋಸೆಫರ ಮೂರ್ತಿ ಮಾಡಿಕೊಡಲು ಹೇಳಿದ್ದಾರೆ. ಕೆತ್ತನೆ ಮುಗಿಯಿತು.

"ವೈನಿ, ಬಣ್ಣ ಸುರು ಮಾಡ್ರಿ," ಎಂದ ಮೈದುನ.

"ಕಣ್ಣೂ ನಾನೇ ಬರಿಯಾಕಿ. ಇಲ್ಲಂದ್ರ ಬಣ್ಣಾನೂ ಹಚ್ಚಂಗಿಲ್ಲ."

ನನ್ನ ದನಿ ನನಗೇ ಹೊಸದೆನಿಸಿತು.

"ಮಂದಿ ಏನಂದಾರು?"

"ನಿಲಂಗಾದ ಮಂದಿ ಏನೂ ಅನ್ನಂಗಿಲ್ಲ. ಅನ್ನಾಂವ ನೀ ಒಬ್ಬನೇ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನಿನ್ನೆ ನನ್ನ ಬದಲು ಬಣ್ಣ ಹಚ್ಚಿಸಲು ತುರೋರಿಯಿಂದ ಲಾರಿಗಳಿಗೆ ಬಣ್ಣ ಬಳಿಯುವವನನ್ನು ಕರೆತಂದು ಮೂರ್ತಿ ತೋರಿಸಿದ. ಇಬ್ಬರೂ ಚಹಾ ಕುಡಿಯುವಷ್ಟರಲ್ಲಿ ನಾನು ನನ್ನ ಬಣ್ಣದ ಡಬ್ಬಿ, ಕುಂಚಗಳನ್ನೆಲ್ಲ ಅವರ ಕೈಗೆ ಸಿಗದಂತೆ ಅಡಿಗೆಮನೆಗೆ ತಂದು, ಹಿಟ್ಟಿನ ಡಬ್ಬದ ಹಿಂದೆ ಇಟ್ಟುಕೊಂಡೆ.